ನೆಟ್ ಆಗಿದೆ, ವಿಷಯ ಗೊತ್ತಿದೆ. ಕ್ಲಾಸಿಗೆ ಇನ್ನೇನು ತಯಾರಿ ಬೇಕು?

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಆಗಿದೆ. ಮುಂದಿನ ವಾರದಿಂದ ಎಂಎ ಮೊದಲ ಸೆಮಿಸ್ಟರ್‌ಗೆ ವಾರಕ್ಕೆ ನಾಲ್ಕು ಕ್ಲಾಸ್ ತಗೋ ಅಂತ ಗೈಡ್ ಹೇಳಿದ್ದಾರೆ. ವಿಷಯವಂತೂ ಚೆನ್ನಾಗಿ ಗೊತ್ತು. ಬೇರೆ ಏನಾದ್ರೂ ತಯಾರಿ ಬೇಕಾ?

ಬೇಕು. ಇದೇ ಪ್ರಶ್ನೆ ರಾಯಚೂರಿನಿಂದಲೂ ಬರುತ್ತದೆ, ಕೊಪ್ಪಳದಿಂದಲೂ ಬರುತ್ತದೆ. ಪ್ರತಿ ಸಲವೂ ಅದರಲ್ಲಿ ಒಂದು ಮಾತು ಇದ್ದೇ ಇರುತ್ತದೆ: "ವಿಷಯ ಗೊತ್ತು." ಎಷ್ಟು ಜನರಿಗೆ ಒಬ್ಬೊಬ್ಬರಿಗೇ ಕೂತು ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲು ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಸ್ಕಾಲರ್‌ಗಳಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದಂಥ ಕೆಲಸ ಕೊಡಬಹುದು. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಯಾವ ವಿಷಯದವರೇ ಆಗಲಿ, ಪಿಎಚ್‌ಡಿ ಅವಧಿಯಲ್ಲಿ ಬೋಧನೆಯ ತರಬೇತಿ ಪಡೆಯಬೇಕು. ಮೊದಲನೆಯದು ಎಲ್ಲ ಡಿಪಾರ್ಟ್‌ಮೆಂಟ್‌ನವರಿಗೂ ನೆನಪಿರುತ್ತದೆ. ಎರಡನೆಯದನ್ನು ನೀವೇ ಬಾಯಿಬಿಟ್ಟು ಕೇಳಿ.

ಈಗ "ವಿಷಯ ಗೊತ್ತು" ಅನ್ನುವ ಮಾತಿಗೆ ಬರೋಣ. ವಿಷಯ ಗೊತ್ತಿದ್ದರೆ ಪಾಠ ತಾನಾಗಿಯೇ ಬರುತ್ತದೆ ಅನ್ನುವುದು ತಪ್ಪು. ಹೈಸ್ಕೂಲ್ ಮಾಸ್ತರ್ ಆಗಲು ಸಾಮಾನ್ಯವಾಗಿ ಎರಡು ವರ್ಷ ಬಿ.ಎಡ್ ಬೇಕು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ನೆಟ್ ಅಥವಾ ನಮ್ಮ ರಾಜ್ಯದ ಅದೇ ಥರದ ಪರೀಕ್ಷೆ ಕೆ-ಸೆಟ್ ಸಾಕು. ನೆಟ್‌ನ ಮೊದಲ ಪೇಪರ್‌ನಲ್ಲಿ 10 ಘಟಕ, 50 ಪ್ರಶ್ನೆ. ಬೋಧನೆಗೆ ಸಂಬಂಧಿಸಿದ್ದು ಆ ಹತ್ತರಲ್ಲಿ ಒಂದೇ ಘಟಕ. ಅದೂ ಸರಿ ಉತ್ತರ ಆರಿಸುವ ಪರೀಕ್ಷೆ. ಬೋರ್ಡ್ ಮುಂದೆ ಒಂದು ಸಲವೂ ನಿಲ್ಲದೆ ಪಾಸಾಗಬಹುದು. ಹಾಗಾಗಿ "ನೆಟ್ ಆಗಿದೆ" ಅಂದರೆ ಓದಿಕೊಂಡಿದ್ದೀರಿ ಅಂತಷ್ಟೇ ಗೊತ್ತಾಗುತ್ತದೆ.

ಇವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಒಂದು ಕೆಲಸ ಮಾಡಿ ನೋಡಿ. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಲ್ಲೇ ಹಾಡಿಕೊಳ್ಳುತ್ತಾ ಟೇಬಲ್ ಮೇಲೆ ಬೆರಳಿಂದ ತಾಳ ಹಾಕಿ. ಯಾವ ಹಾಡು ಅಂತ ಪಕ್ಕದವರನ್ನು ಕೇಳಿ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಪಿಎಚ್‌ಡಿ ವಿದ್ಯಾರ್ಥಿನಿ ಇದನ್ನೇ ಮಾಡಿಸಿದರು. ಕೇಳುವವರು ಅರ್ಧದಷ್ಟು ಹಾಡು ಗುರುತಿಸುತ್ತಾರೆ ಅಂತ ತಾಳ ಹಾಕಿದವರು ಅಂದುಕೊಂಡಿದ್ದರು. 120ರಲ್ಲಿ ಗುರುತು ಸಿಕ್ಕಿದ್ದು ಮೂರೇ ಮೂರು. ತಾಳ ಹಾಕುವವನ ತಲೆಯಲ್ಲಿ ರಾಗ, ಸಾಹಿತ್ಯ ಎಲ್ಲ ಓಡುತ್ತಿರುತ್ತದೆ. ಎದುರಿಗಿದ್ದವನಿಗೆ ಕೇಳಿಸುವುದು ಟಕ್ ಟಕ್ ಸದ್ದು. ವಿಷಯ ಚೆನ್ನಾಗಿ ಗೊತ್ತಿದ್ದಷ್ಟೂ ಈ ಅಪಾಯ ಜಾಸ್ತಿ.

ನಮ್ಮಲ್ಲೇ ನಡೆದದ್ದು ಹೇಳುತ್ತೇನೆ. ತುಂಬ ಓದಿಕೊಂಡಿದ್ದ ಒಬ್ಬ ಸ್ಕಾಲರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನದ ಪಾಠ ಮಾಡಿದ. ಮೂರು ನಿಮಿಷದೊಳಗೆ ಲಘು ಶಿಲಾಶಾಸನ, ಬ್ರಾಹ್ಮಿ, ಪ್ರಾಕೃತ, ದೇವಾನಾಂಪ್ರಿಯ ಎಲ್ಲ ಬಂದುಹೋಯಿತು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಕ್ಲಾಸ್ ಮುಗಿದ ಮೇಲೆ ದೇವದುರ್ಗ ಕಡೆಯ ಒಬ್ಬ ಹುಡುಗಿಯನ್ನು ಮಾತಾಡಿಸಿದೆ. ನಾಲ್ಕು ಪುಟ ನೋಟ್ಸ್ ಬರೆದಿದ್ದಳು. "ಏನಾದ್ರೂ ಕೇಳೋದಿತ್ತಾ?" ಅಂದೆ. "ಪಾಟಲಿಪುತ್ರದ ಅಶೋಕಗ ನಮ್ಮ ಮಸ್ಕ್ಯಾಗ ಏನು ಕೆಲ್ಸ ಇತ್ರಿ ಸರ್?" ಅಂದಳು.

ಇಡೀ ಪಾಠ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ! ಮರುದಿನ ಅವನು ಅಲ್ಲಿಂದಲೇ ಶುರು ಮಾಡಿದ. 1837ರ ಹೊತ್ತಿಗೆ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ್ದರೂ, ಆಗ ಸಿಕ್ಕಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯದಂಥ ಬಿರುದುಗಳು. ಅಶೋಕ ಅನ್ನುವ ಹೆಸರೇ ಕೆತ್ತಿದ ಬಂಡೆ ಮೊದಲು ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಅದನ್ನು ಕಂಡವರು ಚಿನ್ನ ಹುಡುಕುತ್ತಿದ್ದ ಒಬ್ಬ ಎಂಜಿನಿಯರ್. ಇಷ್ಟು ಹೇಳಿ ಅವನು ನಿಲ್ಲಿಸಿದ. ಹಿಂದಿನ ಬೆಂಚಿನಿಂದ "ಸರ್, ಹಟ್ಟಿ ಚಿನ್ನದ ಗಣಿ ಅಲ್ಲೇ ಹತ್ರ ಐತಲ್ರಿ" ಅಂತ ದನಿ ಬಂತು. ಚಿನ್ನದ ನೆಲದ ಮೇಲೆ ಮೌರ್ಯರ ಕಣ್ಣು, ಬ್ರಹ್ಮಗಿರಿ ಶಾಸನದಲ್ಲಿ ಬರುವ ಸುವರ್ಣಗಿರಿ ಅನ್ನುವ ಊರು, ಅದು ಕೊಪ್ಪಳದ ಕನಕಗಿರಿಯೇ ಇರಬಹುದಾ ಅನ್ನುವ ಚರ್ಚೆ, ಅಶೋಕನ ಹೆಸರಿರುವ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ ಬಂಡೆಗಳು ಎಲ್ಲವೂ ಒಂದರ ಹಿಂದೆ ಒಂದು ಬಂದವು. ಹಿಂದಿನ ದಿನವೂ ಇದೆಲ್ಲ ಅವನಿಗೆ ಗೊತ್ತಿತ್ತು, ಅಲ್ವಾ? ರಾತ್ರಿ ಕೂತು ಅವನು ಹೊಸದೇನೂ ಓದಲಿಲ್ಲ. ಯಾವುದನ್ನು ಮೊದಲು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸಿದ. ನಾನು ತಯಾರಿ ಅನ್ನುವುದು ಇದಕ್ಕೆ. ಆ ಎರಡನೇ ದಿನದ ಕ್ಲಾಸ್ ನೆನೆದರೆ ನನಗೆ ಇವತ್ತಿಗೂ ಹೆಮ್ಮೆ.

ನಿಮಗೆ ಒಂದು ವಾರ ಇದೆ. ಬೇರೆ ವಿಭಾಗದ ಇಬ್ಬರು ಗೆಳೆಯರನ್ನು ಕೂರಿಸಿ ಐದೇ ನಿಮಿಷ ಪಾಠ ಮಾಡಿ. ಎಲ್ಲಿ ದಾರಿ ತಪ್ಪಿತು ಅಂತ ಅವರು ಹೇಳಲಿ. ಅದೇ ಐದು ನಿಮಿಷವನ್ನು ಮತ್ತೆ ಮಾಡಿ. ಬಿ.ಎಡ್‌ನವರು ಇದನ್ನು ಮೈಕ್ರೋ ಟೀಚಿಂಗ್ ಅನ್ನುತ್ತಾರೆ. 1960ರ ದಶಕದಲ್ಲಿ ಇದೂ ಸ್ಟ್ಯಾನ್‌ಫರ್ಡ್‌ನಲ್ಲೇ ಶುರುವಾಯಿತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲಿ ಮೂರು ಎಣಿಸಿ. ನಾವು ಮೇಷ್ಟ್ರುಗಳು ಒಂದು ಸೆಕೆಂಡ್ ಕಾಯುವುದೇ ಕಷ್ಟ, ನಾವೇ ಉತ್ತರ ಹೇಳಿಬಿಡುತ್ತೇವೆ. ಒಂದು ಗಂಟೆಗೆ ಅಂತ ಬರೆದುಕೊಂಡದ್ದರಲ್ಲಿ ಅರ್ಧ ತೆಗೆದುಹಾಕಿ. ಒಂದು ದಿನ ಗೈಡ್ ಹಿಂದಿನ ಬೆಂಚಲ್ಲಿ ಕೂರಲಿ. ಸಂಕೋಚ ಬೇಡ, ಕರೆಯಿರಿ.

ನೀವು ಭಾಷೆಯ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ಬಳ್ಳಾರಿಯ ಒಂದು ಕ್ಲಾಸಿನಲ್ಲಿ ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು, ಲಂಬಾಣಿ ಆಡುವವರು ಎಲ್ಲ ಇರುತ್ತಾರೆ. ಹೆಚ್ಚಿನವರು ಬಿಎ ಓದಿದ್ದು ಕನ್ನಡದಲ್ಲಿ. ಮೊದಲ ದಿನ ಬರೀ ಇಂಗ್ಲಿಷಿನಲ್ಲಿ ಮಾತಾಡಿದರೆ ಗೌರವ ಸಿಗುತ್ತದೆ ಅಂತ ಎಷ್ಟೋ ಸ್ಕಾಲರ್‌ಗಳು ಅಂದುಕೊಳ್ಳುತ್ತಾರೆ. ಸುಮ್ನೆ ಕನ್ನಡದಲ್ಲಿ ವಿವರಿಸಿ. ಪಾರಿಭಾಷಿಕ ಪದವನ್ನು ಮಾತ್ರ ಬೋರ್ಡ್ ಮೇಲೆ ಎರಡೂ ಲಿಪಿಯಲ್ಲಿ ಬರೆಯಿರಿ, ಮುಂದೆ ಪುಸ್ತಕ ಓದುವಾಗ ಅವರಿಗೆ ಅದು ಬೇಕಾಗುತ್ತದೆ. "ಇದು ಈಜಿ" ಅಂತ ಮಾತ್ರ ಯಾವತ್ತೂ ಹೇಳಬೇಡಿ. ಅರ್ಥವಾಗದವರು ಆಮೇಲೆ ಬಾಯಿ ತೆರೆಯುವುದಿಲ್ಲ.

ನಿಮಗೆ ಸಿಕ್ಕಿದ್ದು ಕೊನೆಯ ಪೀರಿಯಡ್ ಆದರೆ ಮುಖ್ಯ ವಿಷಯವನ್ನು ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿ. ಸಿರುಗುಪ್ಪ, ಸಂಡೂರು ಕಡೆಯವರ ಕಣ್ಣು ಆಮೇಲೆ ಬಸ್ಸಿನ ಮೇಲೆ ಇರುತ್ತದೆ. ಆ ಬಸ್ ತಪ್ಪಿದರೆ ಅವರು ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ.