ಒದ್ದೆ ಸ್ಯಾಂಡ್‌ವಿಚ್ಚು ಮತ್ತು ತೂತಿನ ಬೇಗಲ್ಲು

ಬೆಳಿಗ್ಗೆ ಎಂಟಕ್ಕೆ ಡಬ್ಬಿಗೆ ಹಾಕಿಕೊಂಡ ಸಲಾಡ್ ಸ್ಯಾಂಡ್‌ವಿಚ್ಚನ್ನು ಮಧ್ಯಾಹ್ನ ಒಂದಕ್ಕೆ ತೆಗೆದವರಿಗೆ ಈ ಪಾಡು ಗೊತ್ತಿರುತ್ತದೆ. ಮೇಲಿನ ಹೋಳು ಪರವಾಗಿಲ್ಲ. ಕೆಳಗಿನದನ್ನು ಹಿಡಿದರೆ ಬೆರಳು ಒಳಗೇ ಇಳಿಯುತ್ತದೆ. ಬಿಡಿಸಿ ನೋಡಿದರೆ ಸೌತೆಕಾಯಿ ಬಿಲ್ಲೆ ಕೂತಿದ್ದ ಕಡೆ ಗುಂಡನೆಯ ಒದ್ದೆ ಗುರುತು, ಟೊಮೆಟೊ ಇದ್ದ ಕಡೆ ಕೆಂಪು ಕಲೆ. ವರ್ಷಗಟ್ಟಲೆ ಇದನ್ನೇ ತಿಂದು ಸಾಕಾಗಿ, ಕೊನೆಗೆ ಬ್ರೆಡ್ ಬಿಟ್ಟು ಬೇಗಲ್ ಹಿಡಿದೆ.

ಬೇಗಲ್ ಅಂದರೆ ಉಂಗುರದ ಆಕಾರದ, ಗಟ್ಟಿ ಮೈಯ ಬ್ರೆಡ್ಡೇ. ಪೋಲೆಂಡಿನ ಯಹೂದಿಗಳ ತಿನಿಸು ಇದು. ಕ್ರಾಕೋವ್ ಊರಿನ ಯಹೂದಿ ಸಮುದಾಯದ 1610ರ ಕಟ್ಟಳೆಗಳಲ್ಲೇ ಇದರ ಹೆಸರು ಬರುತ್ತದೆ. ಮಾಮೂಲಿ ಬ್ರೆಡ್ಡುಗಳಿಗಿಲ್ಲದ ಒಂದು ಸ್ನಾನ ಇದಕ್ಕುಂಟು. ಓವನ್‌ಗೆ ಹೋಗುವ ಮುಂಚೆ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಮುಳುಗೇಳಬೇಕು.

ಮೊದಲು ತಪ್ಪು ಯಾರದ್ದು ನೋಡೋಣ. ಸೌತೆಕಾಯಿ ಮತ್ತು ಲೆಟ್ಯೂಸ್‌ನಲ್ಲಿ ಸುಮಾರು 95%, ಟೊಮೆಟೊದಲ್ಲಿ 94% ನೀರೇ. ಕತ್ತರಿಸದೆ ಇಟ್ಟರೆ ಆ ನೀರು ಜೀವಕೋಶಗಳೊಳಗೆ ಸುಮ್ನೆ ಇರುತ್ತದೆ. ಚಾಕು ಹಾಕಿದ ಕಡೆಯೆಲ್ಲ ಕೋಶಗಳು ಒಡೆಯುತ್ತವೆ. ಮೇಲೆ ಉಪ್ಪು ಬಿದ್ದರಂತೂ ಮುಗಿಯಿತು. ಹೊರಗೆ ಉಪ್ಪು ಜಾಸ್ತಿ ಇದ್ದಾಗ ಒಳಗಿನ ನೀರು ಕೋಶದ ಪೊರೆ ದಾಟಿ ಹೊರಗೆ ಬರುತ್ತದೆ. ಒಂದು ಸೌತೆಕಾಯಿ ಬಿಲ್ಲೆಗೆ ಉಪ್ಪು ಉದುರಿಸಿ ಹತ್ತು ನಿಮಿಷ ಬಿಟ್ಟು ನೋಡಿ, ಬೆವರಿದ ಹಾಗೆ ಹನಿಗಳು ನಿಂತಿರುತ್ತವೆ. ಇಂಥ ಹತ್ತು ಬಿಲ್ಲೆ ಸೇರಿಸಿ ಮುಚ್ಚಿಟ್ಟರೆ ಡಬ್ಬಿಯೊಳಗೆ ಏನಾಗುತ್ತದೋ ನೀವೇ ಊಹಿಸಿ.

ಬ್ರೆಡ್ ಇದಕ್ಕೆ ಹೇಳಿ ಮಾಡಿಸಿದ ಸ್ಪಂಜು. ಅದರ ಗಾತ್ರದಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಗಾಳಿ. ಯೀಸ್ಟ್ ಊದಿದ ಗುಳ್ಳೆಗಳು ಬೇಯುವಾಗ ಒಂದಕ್ಕೊಂದು ತೆರೆದುಕೊಂಡು ಸಣ್ಣ ಸಣ್ಣ ದಾರಿಗಳಾಗಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಈ ದಾರಿಗಳು ನೀರನ್ನು ಎಳೆದುಕೊಳ್ಳುತ್ತವೆ. ಗುಳ್ಳೆಗಳ ಗೋಡೆ ತೀರಾ ತೆಳು. ನೆಂದ ತಕ್ಷಣ ಕುಸಿಯುತ್ತದೆ.

ಬೇಗಲ್ಲಿನ ಕತೆ ಹಿಟ್ಟು ಕಲಸುವಾಗಲೇ ಬೇರೆ. ಮಾಮೂಲಿ ಬ್ರೆಡ್ಡಿಗೆ 100 ಗ್ರಾಂ ಹಿಟ್ಟಿಗೆ 60ರಿಂದ 65 ಗ್ರಾಂ ನೀರು ಹಾಕಿದರೆ, ಇದಕ್ಕೆ 50ರಿಂದ 57 ಗ್ರಾಂ ಸಾಕು. ಹಿಟ್ಟೂ ಪ್ರೊಟೀನ್ ಜಾಸ್ತಿ ಇರುವಂಥದ್ದು, ಹಾಗಾಗಿ ಗ್ಲುಟನ್, ಅಂದರೆ ಹಿಟ್ಟನ್ನು ಹಿಡಿದಿಡುವ ಪ್ರೊಟೀನ್ ಜಾಲ, ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ನಾದುವಷ್ಟರಲ್ಲಿ ತೋಳು ಸೋಲುತ್ತದೆ. ಆಮೇಲೆ ಬರುವುದೇ ಆ ಬಿಸಿನೀರ ಸ್ನಾನ. 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊರಮೈಯ ಪಿಷ್ಟ ನೀರು ಕುಡಿದು ಉಬ್ಬಿ, ಅಂಟಂಟಾದ ಪದರವಾಗುತ್ತದೆ. ಓವನ್ನಿನಲ್ಲಿ ಹಿಟ್ಟು ಉಬ್ಬಲು ಹೋದರೆ ಈ ಪದರ ಬಿಡುವುದಿಲ್ಲ. ಹೊರಗೆ ಹೊಳಪು, ಒಳಗೆ ಒತ್ತೊತ್ತಾದ ತಿರುಳು.

ಹೊಳೆಯುವ ಆ ಹೊರಪದರವೇ ಸಲಾಡಿನ ನೀರನ್ನು ತಡೆಯುತ್ತದೆ ಅಂತ ನಾನೂ ಬಹಳ ದಿನ ನಂಬಿದ್ದೆ. ಒಂದು ದಿನ ಬೇಗಲ್ ಕೊಯ್ಯುತ್ತಿದ್ದಾಗ ಹೊಳೆಯಿತು: ಎರಡು ಹೋಳು ಮಾಡಿದ ಮೇಲೆ ಸಲಾಡ್ ಕೂರುವುದು ತಿರುಳಿನ ಮೇಲೆ. ಹೊರಪದರಕ್ಕೂ ಸೌತೆಕಾಯಿಗೂ ಭೇಟಿಯೇ ಇಲ್ಲವಲ್ಲ!

ಹಾಗಾದರೆ ತಡೆಯುತ್ತಿರುವುದು ಯಾವುದು? ಆ ಒತ್ತು ತಿರುಳೇ. ಅದರಲ್ಲಿ ಖಾಲಿ ಜಾಗ ಕಮ್ಮಿ, ರಂಧ್ರಗಳು ಸಣ್ಣವು. ಸಣ್ಣ ರಂಧ್ರ ನೀರನ್ನು ಜೋರಾಗಿ ಎಳೆಯುತ್ತದೆ ನಿಜ, ಆದರೆ ಇಕ್ಕಟ್ಟಿನ ದಾರಿಯಲ್ಲಿ ಉಜ್ಜಾಟವೂ ಅಷ್ಟೇ ಜಾಸ್ತಿ, ಹಾಗಾಗಿ ನೀರು ನಿಧಾನಕ್ಕೆ ಸಾಗುತ್ತದೆ. ಸೇರಿಕೊಂಡ ನೀರನ್ನು ಹಂಚಿಕೊಳ್ಳುವುದಕ್ಕೆ ಹಿಟ್ಟೂ ಬೇಕಾದಷ್ಟಿದೆ. ಹೊರಪದರದ ಕೆಲಸ ಬೇರೆ. ಒಳಗೆ ಸ್ವಲ್ಪ ನೆಂದರೂ ಕೈಯಲ್ಲಿ ಆಕಾರ ಕೆಡದ ಹಾಗೆ ಹಿಡಿದಿಡುವುದು. ಅಂದರೆ ಬೇಗಲ್ ಒದ್ದೆಯಾಗುವುದೇ ಇಲ್ಲ ಅಂತಲ್ಲ, ತಡವಾಗಿ ಆಗುತ್ತದೆ.

ಇನ್ನೂ ತಡ ಮಾಡಬೇಕಾದರೆ ಎರಡೂ ಮುಖಕ್ಕೆ ಕ್ರೀಮ್ ಚೀಸ್ ಸವರಬೇಕು. ಅದರಲ್ಲಿ ಮೂರನೇ ಒಂದು ಪಾಲು ಕೊಬ್ಬು. ರಂಧ್ರಗಳ ಬಾಯಿ ಮುಚ್ಚುತ್ತದೆ, ಕೊಬ್ಬಿಗೆ ನೀರು ಆಗಿಬರುವುದಿಲ್ಲ. ಬೆಣ್ಣೆಯಲ್ಲಿ ಸುಮಾರು 80% ಕೊಬ್ಬಿರುವುದರಿಂದ ಅದು ಇನ್ನೂ ಒಳ್ಳೆಯ ಗೋಡೆ. ಅಂಚಿನವರೆಗೂ ಸವರಿ, ಅಲ್ಲೇ ಎಲ್ಲರೂ ಜುಗ್ಗತನ ಮಾಡುವುದು.

ಬೇಗಲ್ಲಿಗೂ ತನ್ನದೇ ತಾಪತ್ರಯಗಳಿವೆ. ಒಂದು ಬೇಗಲ್ ಸುಮಾರು 100 ಗ್ರಾಂ ತೂಗುತ್ತದೆ, ಒಂದು ಬ್ರೆಡ್ ಹೋಳು 30 ಗ್ರಾಂ. ಸಲಾಡ್ ತಿನ್ನುತ್ತಿದ್ದೇನೆ, ಹಗುರದ ಊಟ ಅಂದುಕೊಂಡು ಮೂರು ಹೋಳಿಗೂ ಮೀರಿ ಹೊಟ್ಟೆಗೆ ಇಳಿಸಿರುತ್ತೇವೆ. ಒಳಗಿನ ತಿರುಳನ್ನು ಸ್ವಲ್ಪ ಕೆರೆದು ತೆಗೆದರೆ ಭಾರವೂ ಇಳಿಯುತ್ತದೆ, ಸಲಾಡ್ ಕೂರಲು ತಗ್ಗೂ ಸಿಗುತ್ತದೆ.

ಈ ತಗ್ಗಿನಿಂದ ಇನ್ನೊಂದು ಲಾಭ ಇದೆ. ಬ್ರೆಡ್ ಕಚ್ಚಿದರೆ ಅದು ತಾನೇ ಅಮುಕಿಕೊಂಡು ಹಲ್ಲಿಗೆ ದಾರಿ ಬಿಡುತ್ತದೆ. ಬೇಗಲ್ ಜಗ್ಗುವುದಿಲ್ಲ. ಹಲ್ಲಿನ ಒತ್ತಡವೆಲ್ಲ ನಡುವಿನ ಮೆತ್ತನೆಯ ಪದರಕ್ಕೆ ಹೋಗುತ್ತದೆ. ಅಲ್ಲಿ ನುಣುಪಾದ, ಒದ್ದೆಯಾದ ಬಿಲ್ಲೆಗಳಿದ್ದರೆ ಒಂದರ ಮೇಲೊಂದು ಜಾರಿ ಹಿಂದಿನಿಂದ ಆಚೆ ಬರುತ್ತವೆ. ಮುಂದೆ ನಾವು ತಿನ್ನುತ್ತೇವೆ, ಹಿಂದೆ ಅದು ತಪ್ಪಿಸಿಕೊಳ್ಳುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ನೀರು ಬಸಿದು, ಚೀಸಿನ ಜೊತೆ ಕಲಸಿ ತಗ್ಗಿಗೆ ತುಂಬಿದರೆ ಜಾರುವುದಕ್ಕೆ ಪದರವೇ ಇರುವುದಿಲ್ಲ.

ಇನ್ನು ಆ ತೂತು. ಅದಕ್ಕೆ ಕ್ರೀಮ್ ಚೀಸಿನದೇ ಒಂದು ಬಿರಡೆ ಹಾಕಿ. ನಾನು ಮೊದಲ ದಿನ ಹಾಕಿರಲಿಲ್ಲ. ಮೇಲಿನಿಂದ ಕಚ್ಚುತ್ತಿದ್ದಾಗ ಕೆಳಗಿನಿಂದ ಒಂದು ಟೊಮೆಟೊ ತುಂಡು ನೇರವಾಗಿ ಬಂದು ಬಿಳಿ ಅಂಗಿಯ ಮೇಲೆ ಕೂತಿತು.