ರೊಟ್ಟಿ ಬಡಿಯುವ ಮನೆಯಲ್ಲಿ ಅಡುಗೆ ಕಟ್ಟೆ ಎಷ್ಟು ಎತ್ತರ ಇರಬೇಕು?

ಓದುಗರ ಪ್ರಶ್ನೆ: ಧಾರವಾಡದಾಗ ನಮ್ಮದು ಹಳೇ ಮನಿ. ಅಡಗಿಮನಿ 8 ಅಡಿ ಅಗಲ, 10 ಅಡಿ ಉದ್ದ ಐತಿ. ಈ ಸಲ ಎಲ್ಲಾ ಒಡದು ಹೊಸದಾಗಿ ಮಾಡಸಬೇಕಂತ ಮಾಡೇವಿ. ಎಲ್ಲಾರ ಮನ್ಯಾಗೂ ಕಟ್ಟಿ 33 ಇಂಚೇ ಇರ್ತೈತಿ ಅಂತಾರ ಗೌಂಡಿ. ನನ್ನ ಎತ್ತರ 5 ಅಡಿ 1 ಇಂಚು. ದಿನಾ ರೊಟ್ಟಿ ಬಡೀಬೇಕು, ಬಡದು ಮುಗಸೋದರಾಗ ಹೆಗಲು ಹಿಡಕೊಂಡಿರ್ತೈತಿ. ಕಟ್ಟಿ ಎಷ್ಟು ಎತ್ತರ ಇದ್ರ ಚಲೋರಿ?

ಉತ್ತರ: ನಿಮ್ಮ ಮನೆಗೆ ಒಂದೇ ಎತ್ತರದ ಕಟ್ಟೆ ಬೇಡ, ಎರಡು ಮಟ್ಟದ ಕಟ್ಟೆ ಮಾಡಿಸಿ. ಕಾಯಿಪಲ್ಲೆ ಹೆಚ್ಚುವ ಮತ್ತು ಸಿಂಕ್ ಇರುವ ಭಾಗ 34 ಇಂಚು, ಒಲೆ ಇಡುವ ಮತ್ತು ರೊಟ್ಟಿ ಬಡಿಯುವ ಭಾಗ 28ರಿಂದ 29 ಇಂಚು. ಗೌಂಡಿ ಹೇಳುವ 33 ಇಂಚು ತಪ್ಪು ಅಳತೆಯೇನಲ್ಲ. ನಿಂತು ಹೆಚ್ಚುವ ಕೆಲಸಕ್ಕೆ ಅದು ಹೊಂದುತ್ತದೆ. ರೊಟ್ಟಿ ಬಡಿಯಲು ಮಾತ್ರ ಹೊಂದುವುದಿಲ್ಲ.

ಕಾರಣ ಮೊಣಕೈಯಲ್ಲಿದೆ. ನೆಟ್ಟಗೆ ನಿಂತು ತೋಳನ್ನು ಪಕ್ಕಕ್ಕೆ ಇಳಿಬಿಟ್ಟು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿಸಿ. ನಿಮ್ಮ ಎತ್ತರದವರಿಗೆ ಅದು ಸುಮಾರು 38 ಇಂಚು ಬರುತ್ತದೆ. ಹೆಚ್ಚುವುದು ಹಗುರ ಕೆಲಸ. ಅದಕ್ಕೆ ಮೊಣಕೈಗಿಂತ 4ರಿಂದ 5 ಇಂಚು ಕೆಳಗೆ ಕಟ್ಟೆ ಇದ್ದರೆ ಸಾಕು. ರೊಟ್ಟಿ ಬಡಿಯುವುದು ಭಾರದ ಕೆಲಸ. ಹಿಟ್ಟು ನಾದುವಾಗ ಮೈಭಾರ ಅಂಗೈಗೆ ಇಳಿಯಬೇಕು, ಬಡಿಯುವಾಗ ಕೈ ಮೇಲಿಂದ ಕೆಳಕ್ಕೆ ಬೀಳಬೇಕು. ಅದಕ್ಕೆ ಮೊಣಕೈಗಿಂತ 9ರಿಂದ 10 ಇಂಚು ಕೆಳಗಿನ ಜಾಗ ಬೇಕು. 33 ಇಂಚಿನ ಕಟ್ಟೆಯ ಮೇಲೆ ಮಣೆಯನ್ನೋ ಪರಾತವನ್ನೋ ಇಟ್ಟರೆ ಬಡಿಯುವ ಮಟ್ಟ 34 ದಾಟುತ್ತದೆ. ಆಗ ಪ್ರತಿ ಏಟಿಗೂ ಹೆಗಲನ್ನೇ ಮೇಲೆತ್ತಬೇಕಾಗುತ್ತದೆ. ನಿಮ್ಮ ಹೆಗಲು ಹಿಡಿಯುತ್ತಿರುವುದು ಇದರಿಂದಲೇ ಇರಬಹುದು. ನೀವು ಬಡಿಯುವ ಮಣೆ ದಪ್ಪಗಿದ್ದರೆ ಆ ದಪ್ಪವನ್ನೂ ಕಟ್ಟೆಯ ಎತ್ತರದಿಂದ ಕಳೆಯಿರಿ.

ಒಲೆಯ ಲೆಕ್ಕವೂ ಇದಕ್ಕೇ ಹೊಂದಿಕೊಳ್ಳುತ್ತದೆ. ಮೇಜಿನ ಮೇಲಿಡುವ ಗ್ಯಾಸ್ ಒಲೆ ತಾನೇ ಸುಮಾರು 5 ಇಂಚು ಎತ್ತರ. 33ರ ಕಟ್ಟೆಯ ಮೇಲೆ ಒಲೆ, ಅದರ ಮೇಲೆ 7 ಇಂಚಿನ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ 45 ಇಂಚಿಗೆ ಹೋಗುತ್ತದೆ, ಅಂದರೆ ಮೊಣಕೈಗಿಂತ 7 ಇಂಚು ಮೇಲೆ. ಕೈ ಎತ್ತಿ ತಿರುವಬೇಕು, ಕುದಿಯುವುದು ಕಣ್ಣಿಗೆ ಕಾಣುವುದಿಲ್ಲ, ಒಗ್ಗರಣೆಯ ಎಣ್ಣೆ ಮುಖಕ್ಕೆ ಹತ್ತಿರ ಸಿಡಿಯುತ್ತದೆ. ಅದೇ ಒಲೆ 28ರ ಕಟ್ಟೆಯ ಮೇಲಿದ್ದರೆ ಪಾತ್ರೆಯ ಬಾಯಿ 40 ಇಂಚಿಗೆ ಬರುತ್ತದೆ. ಹಂಚಿನ ಮೇಲೆ ರೊಟ್ಟಿ ಹಾಕಿ ಅರಿವೆಯಿಂದ ನೀರು ಸವರುವ ಕೈಗೂ ಅದೇ ಮಟ್ಟ ಸರಿ. ಬಡಿದ ರೊಟ್ಟಿ ಹಂಚಿಗೆ ಹೋಗುವ ದಾರಿ ಆದಷ್ಟು ಚಿಕ್ಕದಿರಬೇಕಾದ್ದರಿಂದ ಒಲೆಯೂ ಬಡಿಯುವ ಜಾಗವೂ ಹೇಗಿದ್ದರೂ ಮಗ್ಗುಲಲ್ಲೇ ಇರಬೇಕು. ಹಾಗಾಗಿ ಎರಡಕ್ಕೂ ಒಂದೇ ತಗ್ಗಿನ ಕಟ್ಟೆ ಸಾಕು. ಗ್ರಾನೈಟ್ ಕೊರೆದು ಕೂರಿಸುವ ಹಾಬ್ ತರುವುದಾದರೆ ಒಲೆಯ 5 ಇಂಚು ಸೇರುವುದಿಲ್ಲ. ಆಗ ಹಾಬ್ ಇರುವ ಭಾಗವನ್ನು 32ಕ್ಕೆ ಏರಿಸಿ, ಬಡಿಯುವ ಜಾಗವನ್ನಷ್ಟೇ ತಗ್ಗಿಸಬೇಕಾಗುತ್ತದೆ. ಒಲೆ ಯಾವುದೆಂದು ಕಟ್ಟೆಗಿಂತ ಮೊದಲೇ ತೀರ್ಮಾನಿಸಿರಿ ಅನ್ನುವುದು ಇದಕ್ಕೇ.

ನಮ್ಮ ಅಂಕಿಗಳನ್ನು ಹಾಗೇ ನಂಬಬೇಡಿ, ಒಡೆಯುವ ಮೊದಲು ಪರೀಕ್ಷೆ ಮಾಡಿ. ಎರಡು ಅಡಿ ಚೌಕದ ದಪ್ಪ ಹಲಗೆಯನ್ನು ಗಟ್ಟಿಯಾದ, ತಗ್ಗಿನ ಮೇಜಿನ ಮೇಲೆ ಇಟ್ಟಂಗಿ ಪೇರಿಸಿ ಕೂರಿಸಿ. ಇಟ್ಟಂಗಿಯನ್ನು ಮಲಗಿಸಿಟ್ಟರೆ ಒಂದು ವರಸೆಗೆ ಸುಮಾರು 3 ಇಂಚು ಏರುತ್ತದೆ. 27, 30, 33 ಇಂಚು ಹೀಗೆ ಮೂರು ಎತ್ತರದಲ್ಲಿ ಐದೈದು ರೊಟ್ಟಿ ಬಡಿದು ನೋಡಿ. ಕಟ್ಟೆ ಎತ್ತರವಾದರೆ ಹೆಗಲು ಕಿವಿಯ ಕಡೆಗೆ ಏರುತ್ತದೆ, ತೀರಾ ತಗ್ಗಾದರೆ ಸೊಂಟ ಬಾಗುತ್ತದೆ. ಎರಡೂ ಆಗದ ಎತ್ತರವೇ ನಿಮ್ಮದು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಅಡುಗೆ ಮಾಡುವವರಾಗಿ ಎತ್ತರದಲ್ಲಿ ಅಂತರವಿದ್ದರೆ, ಒಲೆಯ ಭಾಗವನ್ನು ಗಿಡ್ಡ ಇರುವವರ ಅಳತೆಗೂ ಸಿಂಕಿನ ಭಾಗವನ್ನು ಎತ್ತರ ಇರುವವರ ಅಳತೆಗೂ ಇಡಿ. ಹೆಚ್ಚುವ ಜಾಗ ತಗ್ಗಾಯಿತು ಅನ್ನಿಸಿದರೆ ದಪ್ಪ ಹಲಗೆ ಇಟ್ಟು ಏರಿಸಬಹುದು. ಎತ್ತರವಾದ ಒಲೆಗೆ ಕಾಲಡಿ ಮಣೆ ಇಟ್ಟು ನಿಲ್ಲುವುದು ಮಾತ್ರ ಅಪಾಯ, ಕುದಿಯುವ ಪಾತ್ರೆ ಹಿಡಿದು ಹಿಂದೆ ಸರಿದಾಗ ಕಾಲು ತಪ್ಪುತ್ತದೆ.

8 ಅಡಿ ಅಗಲ ಒಳ್ಳೆಯ ಅಳತೆ. ಎರಡೂ ಉದ್ದದ ಗೋಡೆಗಳಿಗೆ 2 ಅಡಿಯ ಕಟ್ಟೆ ಮಾಡಿದರೂ ನಡುವೆ 4 ಅಡಿ ಓಡಾಡಲು ಉಳಿಯುತ್ತದೆ. ಎದುರಿನ ಕಟ್ಟೆಯ ಅಗಲವನ್ನು 18 ಇಂಚಿಗೇ ನಿಲ್ಲಿಸಿ ಅದರ ಕೆಳಗೆ ಜೋಳ, ಅಕ್ಕಿ, ಹಿಟ್ಟಿನ ಡಬ್ಬಿಗಳಿಗೆ ಜಾಗ ಮಾಡಿದರೆ ಇನ್ನೂ ಚಲೋ. ಮುಖ್ಯ ಗೋಡೆಯ 10 ಅಡಿಯಲ್ಲಿ ಐದೂವರೆ ಅಡಿ ತಗ್ಗಿನ ಕಟ್ಟೆಗೆ ಬಿಡಿ: ಬಡಿಯಲು 2 ಅಡಿ, ಒಲೆಗೆ ಎರಡೂವರೆ, ಒಲೆಯ ಇನ್ನೊಂದು ಮಗ್ಗುಲಿಗೆ 1 ಅಡಿ. ಈ ಒಂದು ಅಡಿಯನ್ನು ಉಳಿಸಲು ಹೋಗಬೇಡಿ. ಎರಡು ಮಟ್ಟ ಸೇರುವಲ್ಲಿ 5ರಿಂದ 6 ಇಂಚಿನ ಮೆಟ್ಟಿಲು ಬರುತ್ತದೆ, ಒಲೆ ಅದಕ್ಕೆ ಅಂಟಿಕೊಂಡಿದ್ದರೆ ಪಾತ್ರೆಯ ಹಿಡಿಕೆ ತಾಗುತ್ತದೆ. ಮೆಟ್ಟಿಲಿನ ಅಂಚನ್ನು ದುಂಡಗೆ ಉಜ್ಜಿಸಿ. ಬಡಿಯುವ ಜಾಗ ಒಲೆಯ ಎಡಕ್ಕಿರಲಿ ಬಲಕ್ಕಿರಲಿ, ಅದು ಬಡಿಯುವವರ ಕೈರೂಢಿ.

ಬಡಿಯುವ ಜಾಗದ ಕೆಳಗೆ ಕಪಾಟು ಮಾಡಿಸಬೇಡಿ, ಬಯಲು ಬಿಡಿ. ಮೊಣಕಾಲು ನೋವಿರುವ ಹಿರಿಯರು 17–18 ಇಂಚಿನ ಸ್ಟೂಲ್ ಹಾಕಿಕೊಂಡು, ಕಾಲು ಒಳಗಿಟ್ಟು ಕೂತು ಬಡಿಯಬಹುದು. ಉಳಿದೆಡೆ ಕಪಾಟಿನ ಬುಡದಲ್ಲಿ 4 ಇಂಚು ಎತ್ತರ, 3 ಇಂಚು ಒಳಕ್ಕೆ ಪಾದದ ಜಾಗ ಬಿಡಿಸಿ. ಅದಿಲ್ಲದಿದ್ದರೆ ಹೆಬ್ಬೆರಳು ತಾಗದಂತೆ ಹಿಂದೆ ನಿಂತು ಮುಂದಕ್ಕೆ ಬಾಗಬೇಕಾಗುತ್ತದೆ.

ಬಡಿತದ ಪೆಟ್ಟು ದಿನವೂ ಒಂದೇ ಕಡೆ ಬೀಳುತ್ತದೆ ಎಂಬುದನ್ನು ಮಾಡ್ಯುಲರ್ ಅಂಗಡಿಯವರು ಎಷ್ಟೋ ಸಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಲೈವುಡ್ ಪೆಟ್ಟಿಗೆಯ ಮೇಲೆ ಬರೀ ಗ್ರಾನೈಟ್ ಅಂಟಿಸಿದರೆ ಗೋಡೆಗೆ ಸೇರುವ ಸಂದು ಬಿಚ್ಚಿಕೊಂಡು ನೀರು ಒಳಗೆ ಇಳಿಯುತ್ತದೆ. ತಗ್ಗಿನ ಭಾಗಕ್ಕಾದರೂ ಕಬ್ಬಿಣ ಹಾಕಿದ 2 ಇಂಚಿನ ಕಾಂಕ್ರೀಟ್ ಹಾಸು ಇರಲಿ, ಎರಡರಿಂದ ಎರಡೂವರೆ ಅಡಿಗೊಂದು ಇಟ್ಟಂಗಿ ಅಥವಾ ಕಡಪಾ ಕಲ್ಲಿನ ಆಧಾರ ಇರಲಿ.

ಇನ್ನು ಗ್ಯಾಸ್. ಮನೆಬಳಕೆಯ 14.2 ಕಿಲೋ ಸಿಲಿಂಡರ್ ಸುಮಾರು 25 ಇಂಚು ಎತ್ತರ. 28 ಇಂಚಿನ ಕಟ್ಟೆಯಲ್ಲಿ ಹಾಸು, ಗ್ರಾನೈಟ್ ಕಳೆದರೆ ಒಳಗೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಸಿಲಿಂಡರ್ ತುರುಕಿದರೂ ರೆಗ್ಯುಲೇಟರ್ ತೆಗೆಯಲು ಕೈ ಆಡುವುದಿಲ್ಲ. ಅದನ್ನು 34ರ ಕಟ್ಟೆಯ ಕೆಳಗೆ ನೆಟ್ಟಗೆ ನಿಲ್ಲಿಸಿ. ಕಪಾಟಿನ ಬಾಗಿಲಿಗೆ ಮೇಲೂ ಬುಡದಲ್ಲೂ ಗಾಳಿಕಿಂಡಿ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು, ಈ ಅಳತೆಯಲ್ಲಿ ಅದು ಇದೆ. ರಬ್ಬರ್ ಕೊಳವೆ ಒಂದೂವರೆ ಮೀಟರ್ ದಾಟಬಾರದು, ಗೋಡೆಯ ತೂತಿನಲ್ಲಿ ಹಾಯಿಸಬಾರದು, 5 ವರ್ಷಕ್ಕೊಮ್ಮೆ ಬದಲಿಸಬೇಕು. ಅಡ್ಡ ಗೋಡೆ ದಾಟಿಸಲೇಬೇಕಾದರೆ ಏಜೆನ್ಸಿಯ ಮೆಕ್ಯಾನಿಕ್‌ನಿಂದ ತಾಮ್ರದ ಪೈಪ್ ಹಾಕಿಸಿ.

ಪಡುವಣ ಕಿಟಕಿಯ ಬುಡದಲ್ಲಿ ಒಲೆ ಬೇಡ. ಧಾರವಾಡದ ಮಳೆಗಾಲದ ಗಾಳಿ ಆ ಕಡೆಯಿಂದಲೇ ಬೀಸುತ್ತದೆ, ಉರಿ ಓಲಾಡಿದರೆ ರೊಟ್ಟಿ ಒಂದು ಮಗ್ಗುಲು ಸೀದು ಇನ್ನೊಂದು ಹಸಿಯಾಗಿ ಉಳಿಯುತ್ತದೆ. ವಾಸ್ತು ನೋಡುವವರು ಆಗ್ನೇಯ ಕೇಳುತ್ತಾರೆ. ಗಾಳಿಯ ಲೆಕ್ಕಕ್ಕೂ ಆ ಮೂಲೆ ಹೊಂದುತ್ತದೆ.

ಸಿಂಕಿನ ಭಾಗ 34 ಇಂಚು ಯಾಕೆಂದರೆ ಬಾಂಡೆ ತೊಳೆಯುವ ಕೈ ಕಟ್ಟೆಯ ಮೇಲಿರುವುದಿಲ್ಲ, ಸಿಂಕಿನ ತಳದಲ್ಲಿರುತ್ತದೆ. 10 ಇಂಚು ಆಳದ ಸಿಂಕ್ ತಂದರೆ ತಳ 24 ಇಂಚಿಗೆ ಇಳಿದು ಸೊಂಟ ಬಾಗುತ್ತದೆ. 8 ಇಂಚಿನ ಆಳ ಸಾಕು, ದೊಡ್ಡ ಪಾತ್ರೆಗೆ ಬೇಕಾದ್ದು ಅಗಲ. ನೀರಿನ ಪೈಪ್ ಹಾಕಿಸುವಾಗ ಹುಬ್ಬಳ್ಳಿ–ಧಾರವಾಡದ ಸ್ಥಿತಿ ನೆನಪಿರಲಿ. ಮಲಪ್ರಭೆಯ ನೀರು ಎಷ್ಟೋ ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಬರುತ್ತದೆ, ಉಳಿದ ದಿನ ಬೋರಿನ ನೀರೇ ಗತಿ. ಸಿಂಕಿಗೆ ಎರಡು ನಲ್ಲಿ, ಎರಡು ಬೇರೆ ಪೈಪ್ ಹಾಕಿಸಿ: ಕುಡಿಯಲು, ಬೇಳೆ ಬೇಯಿಸಲು ಹೊಳೆಯ ನೀರು, ತೊಳೆಯಲು ಬೋರಿನ ನೀರು. ಬೋರಿನ ಗಡಸು ನೀರು ಕಪ್ಪು ಗ್ರಾನೈಟಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಆದ್ದರಿಂದ ಸಿಂಕಿನ ಸುತ್ತ ಬೂದು ಅಥವಾ ಚುಕ್ಕೆ ಇರುವ ಕಲ್ಲು ಲೇಸು. ಕೊಡ ತುಂಬಲು ಸಿಂಕಿನಿಂದ ಎತ್ತಿಳಿಸುವ ಬದಲು ಹಿತ್ತಲ ಬಾಗಿಲ ಬಳಿ ನೆಲದಿಂದ 20 ಇಂಚಿಗೆ ಒಂದು ನಲ್ಲಿ ಇಡಿಸಿ. ಸಿಂಕಿನ ಹೊರಹರಿವಿಗೆ 2 ಇಂಚಿನ ಪೈಪ್, 4 ಅಡಿಗೆ ಒಂದು ಇಂಚಿಗಿಂತ ಕಡಿಮೆಯಾಗದ ಇಳಿಜಾರು ಇರಬೇಕು. ಇಳಿಜಾರು ಕಡಿಮೆಯಾದರೆ ಜಿಡ್ಡು, ಹಿಟ್ಟು ತಳದಲ್ಲಿ ಕೂತು ಪೈಪ್ ಕಟ್ಟಿಕೊಳ್ಳುತ್ತದೆ.

ಅಳತೆ ಸರಿ ಹೇಳಿದ್ದರೂ ಕಟ್ಟೆ ತಪ್ಪಾಗುವುದು ಯಾವಾಗ ಗೊತ್ತೇ? ಗೌಂಡಿ ಒಡೆದ ನೆಲದಿಂದ ಟೇಪು ಹಿಡಿದಾಗ. ಹಳೆಯ ಫರ್ಸಿ ಕಿತ್ತು ಗಾರೆ ಹಾಸಿ ಹೊಸ ಟೈಲ್ಸ್ ಕೂರಿಸಿದರೆ ನೆಲ 2 ಇಂಚಿನಷ್ಟು ಏರುತ್ತದೆ, ಹಳೆಯ ನೆಲದ ಮೇಲೆಯೇ ಅಂಟಿಸಿದರೆ ಮುಕ್ಕಾಲು ಇಂಚು. ಒಡೆದ ನೆಲದಿಂದ 34 ಅಳೆದು ಕಟ್ಟಿದ ಕಟ್ಟೆ ಕೊನೆಗೆ 32ಕ್ಕೆ ನಿಲ್ಲುತ್ತದೆ. ಆದ್ದರಿಂದ ಮೊದಲ ದಿನವೇ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿಸಿ, ಮುಗಿದ ನೆಲ ಎಲ್ಲಿಗೆ ಬರುತ್ತದೆಂದು ಗುರುತಿಸಿ, ಅಲ್ಲಿಂದ ಸರಿಯಾಗಿ 1 ಮೀಟರ್ ಮೇಲೆ ನಾಲ್ಕೂ ಗೋಡೆಗೆ ಒಂದು ಗೆರೆ ಹೊಡೆಸಿ. ಮುಂದೆ ಎಲ್ಲರೂ ಅಳೆಯುವುದು ಆ ಗೆರೆಯಿಂದ. 34ರ ಕಟ್ಟೆಗೆ ಗ್ರಾನೈಟ್ ಮುಕ್ಕಾಲು, ಗಾರೆ ಅರ್ಧ, ಹಾಸು 2, ಒಟ್ಟು ಮೂರೂಕಾಲು ಇಂಚು ಕಳೆಯಬೇಕು. ಆಧಾರದ ಗೋಡೆ ಮುಗಿದ ನೆಲದಿಂದ 30¾ ಇಂಚಿಗೆ ನಿಲ್ಲಬೇಕು. ಈ ಲೆಕ್ಕವನ್ನು ಗೋಡೆಯ ಮೇಲೇ ಬರೆದಿಡಿ.

ಉಳಿದ ಎತ್ತರಗಳು ಇದೇ ಗೆರೆಯಿಂದ ಬರುತ್ತವೆ. ಸ್ವಿಚ್ ಬೋರ್ಡ್ ಕಟ್ಟೆಯಿಂದ 8–9 ಇಂಚು ಮೇಲೆ ಇರಲಿ, ಸಿಂಕಿನಿಂದಲೂ ಒಲೆಯಿಂದಲೂ ದೂರ. ಮಿಕ್ಸರಿಗೆ 6 ಆಂಪಿಯರ್ ಸಾಕೆಟ್ ಸಾಕು. ಇಂಡಕ್ಷನ್, ಓವನ್, ಗೀಸರ್‌ಗೆ 16 ಆಂಪಿಯರ್ ಸಾಕೆಟ್, 4 ಚದರ ಮಿ.ಮೀ. ತಾಮ್ರದ ತಂತಿ, ಒಂದೊಂದಕ್ಕೂ ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬೇಕು. ಒದ್ದೆ ಕೈಯಲ್ಲಿ ಕೆಲಸ ನಡೆಯುವ ಜಾಗವಿದು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್) ಬಿಟ್ಟು ವೈರಿಂಗ್ ಮುಗಿಸಬೇಡಿ. ಚಿಮಣಿ ಒಲೆಯ ಬರ್ನರ್‌ನಿಂದ 26ರಿಂದ 30 ಇಂಚು ಮೇಲೆ. ತಗ್ಗಿನ ಕಟ್ಟೆಯಾದ್ದರಿಂದ 26ಕ್ಕೆ ಇಟ್ಟರೆ ಅದರ ಅಂಚು ಹಣೆಗೆ ಬಡಿಯಬಹುದು, 30ಕ್ಕೇ ಇಡಿಸಿ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಮನೆಗೆ ಚಿಮಣಿಯ ಪೈಪ್ 6 ಇಂಚಿಗಿಂತ ಕಿರಿದಾಗದೆ, ಹೆಚ್ಚು ತಿರುವಿಲ್ಲದೆ ನೇರ ಹೊರಗೆ ಹೋಗಬೇಕು. ದೀಪ ಬೆನ್ನ ಹಿಂದಿದ್ದರೆ ನಿಮ್ಮ ನೆರಳೇ ರೊಟ್ಟಿಯ ಮೇಲೆ ಬೀಳುತ್ತದೆ, ಮೇಲಿನ ಕಪಾಟಿನ ಅಡಿಯಲ್ಲಿ ಒಂದು ಎಲ್‌ಇಡಿ ಪಟ್ಟಿ ಹಾಕಿಸಿ.

ಮೇಲಿನ ಕಪಾಟು ತೂಗಿಸುವ ಮೊದಲು ಗೋಡೆ ಯಾವುದೆಂದು ನೋಡಿ. ಧಾರವಾಡದ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆಗಳಿವೆ, ಅವುಗಳಲ್ಲಿ ತಿರುಪು ಹಿಡಿಯುವುದಿಲ್ಲ. ಅಲ್ಲಿ ನೆಲದಿಂದಲೇ ಏಳುವ ಕಪಾಟು ಮಾಡಿಸಬೇಕು. ಹುಬ್ಬಳ್ಳಿಯ ಮೂಡಲ ಕಡೆ, ಗದಗಿನ ಕಡೆ ಎರಿಭೂಮಿ. ಮಳೆಗೆ ಹಿಗ್ಗಿ ಬ್ಯಾಸಿಗೆಗೆ ಕುಗ್ಗುವ ಆ ಮಣ್ಣಿನ ಮೇಲಿನ ಗೋಡೆ ಬಿರಿದಿದ್ದರೆ ಬಿರುಕಿನ ಮೇಲೆ ಟೈಲ್ಸ್ ಅಂಟಿಸಿ ಮುಚ್ಚಬೇಡಿ, ಮುಂದಿನ ಬ್ಯಾಸಿಗೆಗೆ ಟೈಲ್ಸೇ ಸೀಳುತ್ತದೆ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಎಂಜಿನಿಯರ್ ನೋಡಿ ಹೇಳಿದ ಮೇಲೆಯೇ ಮುಂದಿನ ಕೆಲಸ.

ಕಟ್ಟೆಗೆ ಗ್ರಾನೈಟೇ ಇರಲಿ, ಇಳಕಲ್ಲಿನ ಕೆಂಪು ಕಲ್ಲಾದರೂ ಸರಿ. ಅಮೃತಶಿಲೆಯೂ ಕಡಪಾ ಕಲ್ಲೂ ಸುಣ್ಣದ ಅಂಶದವು, ಹುಣಸೆ ರಸ, ನಿಂಬೆ ರಸ ಬಿದ್ದಲ್ಲಿ ಹೊಳಪು ಹೋಗುತ್ತದೆ. ಕಡಪಾ ಒಳಗಿನ ಹಲಗೆಗಳಿಗೆ ತಕ್ಕದ್ದು. ಸಿಂಕಿನ ಕೆಳಗೆ ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡ, ಒಮ್ಮೆ ನೀರು ಕುಡಿದರೆ ಉಬ್ಬಿ ಮತ್ತೆ ಕೂರುವುದಿಲ್ಲ. ನೀರು ತಡೆಯುವ, ಐಎಸ್ 710 ಮುದ್ರೆ ಇರುವ ಪ್ಲೈವುಡ್ ಕೇಳಿ.

ಬಡಿಗರನ್ನು ಮೊದಲೇ ಕರೆಸಿ ಅಳತೆ ಕೊಟ್ಟು ಬಿಡುವುದು ಇನ್ನೊಂದು ತಪ್ಪು. ಒಡೆಯುವುದು, ಪೈಪ್ ಮತ್ತು ವೈರಿಂಗ್, ಗಿಲಾವು, ನೆಲ, ಕಟ್ಟೆಯ ಹಾಸು, ಗ್ರಾನೈಟ್, ಗೋಡೆಯ ಟೈಲ್ಸ್, ಈ ಸಾಲಿನಲ್ಲಿ ಕೆಲಸ ಸಾಗಲಿ. ಗಿಲಾವು ಮುಚ್ಚುವ ಮೊದಲು ಪೈಪಿನಲ್ಲಿ ಒಂದು ದಿನ ನೀರು ಕಟ್ಟಿ ಸೋರಿಕೆ ನೋಡಿ, ಪೈಪ್ ಹಾಗೂ ವೈರ್ ಹಾದ ದಾರಿಯ ಫೋಟೋ ತೆಗೆದಿಡಿ. ಕಟ್ಟೆಯ ಹಾಸಿಗೆ ಕಡಿಮೆಯೆಂದರೂ 7 ದಿನ ನೀರು ಉಣಿಸಿ. ಕಪಾಟಿನ ಅಳತೆಯನ್ನು ಗ್ರಾನೈಟ್ ಕೂತ ಮೇಲೆ, ಪ್ರತಿ ಅಂಕಣದ ಎಡ, ಬಲ, ನಡು ಮೂರೂ ಕಡೆ ಹಿಡಿಸಿ, ಮೂರರಲ್ಲಿ ಚಿಕ್ಕದಕ್ಕೆ ಬಾಗಿಲು ಮಾಡಿಸಿ.