ದೇಶ ಬದಲಿಸುವ ಓಟಗಾರರು: ನಿಯಮ ಬಿಗಿಯಾದ ಬಗೆ

2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದ್ಯುತಿ ಚಾಂದ್ 100 ಮತ್ತು 200 ಮೀಟರ್ ಓಟಗಳಲ್ಲಿ, ಹಿಮಾ ದಾಸ್ 400 ಮೀಟರ್‌ನಲ್ಲಿ, ಸುಧಾ ಸಿಂಗ್ ಅಡೆತಡೆಗಳನ್ನೂ ನೀರಿನ ಹೊಂಡವನ್ನೂ ದಾಟಿ ಓಡುವ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ ಗೆದ್ದರು. ಈ ನಾಲ್ಕೂ ಸ್ಪರ್ಧೆಗಳ ಚಿನ್ನ ಬಹರೇನ್ ಪಾಲಾಯಿತು. ಅವನ್ನು ಗೆದ್ದುಕೊಟ್ಟ ಮೂವರು ಓಟಗಾರ್ತಿಯರೂ ಹುಟ್ಟಿದ್ದು ಆಫ್ರಿಕಾದಲ್ಲಿ. ಕರ್ನಾಟಕದ ಎಂ.ಆರ್. ಪೂವಮ್ಮ ಅವರಿದ್ದ 4x400 ಮೀಟರ್ ಮಿಶ್ರ ರಿಲೇ ತಂಡವೂ ಅಂದು ಬಹರೇನ್‌ನ ಹಿಂದೆಯೇ ಗುರಿ ಮುಟ್ಟಿತ್ತು. ಬಹರೇನ್ ತಂಡದಲ್ಲಿದ್ದ, ನೈಜೀರಿಯಾ ಮೂಲದ ಕೆಮಿ ಅಡೆಕೋಯ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲಷ್ಟೇ ಆ ಚಿನ್ನ ಭಾರತಕ್ಕೆ ದಕ್ಕಿತು. ‘ಹಣ ಕೊಟ್ಟು ತಂದ ಪದಕ’ ಎಂಬ ಅಸಮಾಧಾನ ನಮ್ಮಲ್ಲಿ ಮತ್ತೆ ಮತ್ತೆ ಕೇಳಿಬರುವುದಕ್ಕೆ ಇಂತಹ ಫಲಿತಾಂಶಗಳೇ ಕಾರಣ. ಆದರೆ 400 ಮೀಟರ್ ಗೆದ್ದ ಸಲ್ವಾ ಈದ್ ನಾಸರ್ ಅವರ ತಾಯಿ ನೈಜೀರಿಯಾದವರು, ತಂದೆ ಬಹರೇನ್‌ನವರು ಎಂಬುದನ್ನು ಗಮನಿಸಿದರೆ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲವೆಂದು ತಿಳಿಯುತ್ತದೆ.

ದೇಶ ಬದಲಿಸುವುದು ಹೊಸ ಸಂಗತಿಯೇನಲ್ಲ. ವರ್ಣಭೇದ ನೀತಿಯಿಂದಾಗಿ ಬಹಿಷ್ಕೃತವಾಗಿದ್ದ ದಕ್ಷಿಣ ಆಫ್ರಿಕಾದ ಜೋಲಾ ಬಡ್ 1984ರಲ್ಲಿ ಬ್ರಿಟನ್ ಪೌರತ್ವ ಪಡೆದು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಡಿದರು. ಓದಲೆಂದು ಡೆನ್ಮಾರ್ಕ್‌ಗೆ ಹೋಗಿ ಅಲ್ಲೇ ನೆಲೆಸಿದ ಕೀನ್ಯಾದ ವಿಲ್ಸನ್ ಕಿಪ್‌ಕೆಟರ್ 1995ರಲ್ಲಿ ವಿಶ್ವ ಚಾಂಪಿಯನ್ ಆಗಿಯೂ, ಪೌರತ್ವ ಇನ್ನೂ ಸಿಗದ ಕಾರಣ ಮರುವರ್ಷದ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ಪರ ಓಡಲಾಗದೆ ಉಳಿದರು. ಅಲ್ಲಿಯವರೆಗೆ ಇವು ಬಿಡಿ ಪ್ರಕರಣಗಳಾಗಿದ್ದವು. ಇದೊಂದು ವ್ಯವಸ್ಥೆಯ ರೂಪ ಪಡೆದದ್ದು 2003ರ ಸುಮಾರಿಗೆ, ಕೊಲ್ಲಿ ರಾಷ್ಟ್ರಗಳು ಪೂರ್ವ ಆಫ್ರಿಕಾದತ್ತ ಕಣ್ಣು ಹಾಯಿಸಿದಾಗ.

ಆ ವರ್ಷದ ಆಗಸ್ಟ್‌ನಲ್ಲಿ ಕೀನ್ಯಾದ ಸ್ಟೀಫನ್ ಚೆರೊನೊ ಕತಾರ್ ಪೌರತ್ವ ಪಡೆದು ಸೈಫ್ ಸಯೀದ್ ಶಾಹೀನ್ ಎಂದು ಹೆಸರು ಬದಲಿಸಿಕೊಂಡರು. ಕೆಲವೇ ದಿನಗಳಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದು, 1991ರಿಂದ ಆ ಕೂಟದಲ್ಲಿ ಕೀನ್ಯಾ ಸತತವಾಗಿ ಕಾಯ್ದುಕೊಂಡು ಬಂದಿದ್ದ ಪಟ್ಟವನ್ನು ಮುರಿದರು. ಅದೇ ಫೈನಲ್‌ನಲ್ಲಿ ಅವರ ಅಣ್ಣ ಅಬ್ರಹಾಂ ಕೀನ್ಯಾದ ಪರ ಓಡಿದ್ದರು. ಇನ್ನೊಬ್ಬ ಅಣ್ಣ ಕ್ರಿಸ್ಟೋಫರ್ ಕೊಸ್ಗೆ 1999ರಲ್ಲಿ ಇದೇ ಪ್ರಶಸ್ತಿಯನ್ನು ಕೀನ್ಯಾಕ್ಕೆ ಗೆದ್ದುಕೊಟ್ಟಿದ್ದರು. ಬದುಕಿರುವವರೆಗೂ ತಿಂಗಳಿಗೆ ಸಾವಿರ ಡಾಲರ್ ನೀಡುವ ಭರವಸೆ ಶಾಹೀನ್ ಅವರಿಗೆ ಸಿಕ್ಕಿತ್ತೆಂದು ಆಗ ವರದಿಯಾಗಿತ್ತು. ಈ ಮೊತ್ತವನ್ನು ದುರಾಸೆಯ ಸಾಕ್ಷ್ಯವೆಂಬಂತೆ ಎತ್ತಿ ತೋರಿಸಿದವರು, ಗಾಯವಾದ ಒಂದೇ ದಿನದಲ್ಲಿ ಸಂಪಾದನೆ ನಿಂತುಹೋಗಬಹುದಾದ ಓಟಗಾರನಿಗೆ ಅದು ಎಂತಹ ಭದ್ರತೆ ಎಂಬುದನ್ನು ಯೋಚಿಸಿದಂತೆ ಕಾಣುವುದಿಲ್ಲ.

ಇನ್ನೊಂದು ಕಾರಣ ನಿಯಮದೊಳಗೇ ಇದೆ. ಒಲಿಂಪಿಕ್ಸ್‌ನ ಒಂದು ವೈಯಕ್ತಿಕ ಓಟಕ್ಕೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು ಹೋಗಬಹುದು. ಕೀನ್ಯಾದ ಆಯ್ಕೆ ಓಟದಲ್ಲಿ ನಾಲ್ಕನೆಯವನಾಗಿ ಮನೆಗೆ ಮರಳುವವನು ಬೇರೆ ಬಹುತೇಕ ದೇಶಗಳಲ್ಲಿ ಮೊದಲಿಗನಾಗಿರುತ್ತಾನೆ. ಪ್ರತಿಭೆ ಒಂದೆಡೆ ತುಂಬಿ ತುಳುಕುವಾಗ, ಇನ್ನೊಂದೆಡೆ ಹಣವಿದ್ದೂ ಓಟಗಾರರಿಲ್ಲದಿರುವಾಗ, ವಲಸೆ ನಡೆದೇ ನಡೆಯುತ್ತದೆ.

ಆಗಿನ ಅಥ್ಲೆಟಿಕ್ಸ್ ನಿಯಮದಂತೆ ಹಳೆಯ ದೇಶದ ಫೆಡರೇಷನ್ ಒಪ್ಪಿದರೆ ಕಾಯುವ ಅವಧಿಯನ್ನು ಸಡಿಲಿಸಬಹುದಿತ್ತು. ಒಲಿಂಪಿಕ್ಸ್‌ನಲ್ಲಿ ಮಾತ್ರ ಹಳೆಯ ದೇಶದ ಪರ ಕೊನೆಯ ಸಲ ಸ್ಪರ್ಧಿಸಿ ಮೂರು ವರ್ಷ ಕಳೆದಿರಬೇಕು; ಅದನ್ನು ಕಡಿಮೆ ಮಾಡಲು ಆ ದೇಶದ ಒಲಿಂಪಿಕ್ ಸಮಿತಿಯ ಸಮ್ಮತಿ ಬೇಕು. ಶಾಹೀನ್ ಅವರಿಗೆ ಅದು ಸಿಗಲಿಲ್ಲ. ಪರಿಣಾಮವಾಗಿ 2004ರ ಅಥೆನ್ಸ್ ಸ್ಟೀಪಲ್‌ಚೇಸ್‌ನ ಮೂರೂ ಪದಕಗಳು ಕೀನ್ಯಾಕ್ಕೆ ಸಂದವು. ಅದಾದ ಕೆಲವೇ ದಿನಗಳಲ್ಲಿ ಬ್ರಸೆಲ್ಸ್‌ನಲ್ಲಿ ಶಾಹೀನ್ 7 ನಿಮಿಷ 53.63 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ ಬರೆದ ವಿಶ್ವ ದಾಖಲೆ 2023ರವರೆಗೆ ಉಳಿಯಿತು. ಅಷ್ಟು ದೀರ್ಘಕಾಲ ಬಾಳಿದ ದಾಖಲೆಯ ಒಡೆಯನ ಬಳಿ ಒಲಿಂಪಿಕ್ ಪದಕವಿಲ್ಲ. ಎರಡು ಆಡಳಿತಗಳ ನಡುವಿನ ಹಗ್ಗಜಗ್ಗಾಟದ ಬೆಲೆಯನ್ನು ತೆತ್ತವನು ಓಟಗಾರ ಮಾತ್ರ.

ಮುಂದಿನ ಹಂತದಲ್ಲಿ ದೇಶ ಬದಲಿಸುವವರ ವಯಸ್ಸು ಇಳಿಯಿತು. ರುತ್ ಜೆಬೆಟ್ ಹದಿಹರೆಯದಲ್ಲೇ ಕೀನ್ಯಾ ಬಿಟ್ಟು ಬಹರೇನ್ ಸೇರಿದರು. ಅಲ್ಲಿ ದೊರೆತ ಓದಿನ ಅವಕಾಶ ಅವರನ್ನು ಸೆಳೆದಿತ್ತು. 2016ರ ರಿಯೊದಲ್ಲಿ, ಇನ್ನೂ 19ರ ಹರೆಯದಲ್ಲಿ, ಬಹರೇನ್‌ಗೆ ಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟರು. ಎರಡು ವರ್ಷಗಳೊಳಗೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅಮಾನತುಗೊಂಡರು, ಬಳಿಕ ನಾಲ್ಕು ವರ್ಷಗಳ ನಿಷೇಧವೂ ಬಂತು. ತಪ್ಪು ತಪ್ಪೇ, ಆದರೂ ಆ ವಯಸ್ಸಿನ ಹುಡುಗಿಯ ಸುತ್ತ ಆಗ ಯಾರಿದ್ದರು, ಯಾರು ಅವಳಿಗೆ ಹೊಣೆಯಾಗಿದ್ದರು ಎಂಬ ಪ್ರಶ್ನೆಯನ್ನು ಬದಿಗಿಡಲಾಗದು.

2017ರ ಫೆಬ್ರುವರಿಯಲ್ಲಿ, ಸೆಬಾಸ್ಟಿಯನ್ ಕೋ ಅಧ್ಯಕ್ಷತೆಯ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು ದೇಶ ಬದಲಾವಣೆಯನ್ನೇ ತಡೆಹಿಡಿಯಿತು. ಮರುವರ್ಷದ ಜುಲೈನಲ್ಲಿ ಬಂದ ಹೊಸ ನಿಯಮಗಳ ಪ್ರಕಾರ ಮೂರು ವರ್ಷ ಕಾಯಬೇಕು, 20 ತುಂಬುವ ಮೊದಲು ಬದಲಾವಣೆ ಇಲ್ಲ, ಒಂದು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ, ಹೊಸ ದೇಶ ಪೂರ್ಣ ಪೌರತ್ವವನ್ನೂ ಅದರ ಹಕ್ಕುಗಳನ್ನೂ ಕೊಟ್ಟಿರಬೇಕು. ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದದ್ದು, ಪರಿಶೀಲಿಸಲು ಅತ್ಯಂತ ಕಷ್ಟವಾದದ್ದೂ ಹೌದು. ಪಾಸ್‌ಪೋರ್ಟ್ ಕೈಯಲ್ಲಿದೆಯೇ ಎಂದು ನೋಡುವುದು ಸುಲಭ. ಓಟ ನಿಲ್ಲಿಸಿದ ಮೇಲೂ ಆ ದೇಶ ಅವರನ್ನು ತನ್ನವರೆಂದು ನಡೆಸಿಕೊಳ್ಳುವುದೇ ಎಂಬುದು ವರ್ಷಗಳ ನಂತರವಷ್ಟೇ ಗೊತ್ತಾಗುತ್ತದೆ.

ನಿಯಮ ಬಿಗಿಯಾದರೂ ಹೊರಡುವವರು ನಿಂತಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಡಿಸ್ಕಸ್ ಚಾಂಪಿಯನ್, ಜಮೈಕಾದ ರೋಜೆ ಸ್ಟೋನಾ ಮತ್ತು ನೈಜೀರಿಯಾದ ಓಟಗಾರ್ತಿ ಫೇವರ್ ಒಫಿಲಿ 2025ರಲ್ಲಿ ಟರ್ಕಿಯತ್ತ ಮುಖ ಮಾಡಿದರು. ಒಫಿಲಿ ಅವರ ಹೆಸರು ಪ್ಯಾರಿಸ್‌ನ 100 ಮೀಟರ್ ಓಟಕ್ಕೆ ನೋಂದಣಿಯೇ ಆಗಿರಲಿಲ್ಲ. ಅರ್ಹತೆಯಿದ್ದೂ ಅವರು ಆ ಓಟದಿಂದ ಹೊರಗುಳಿಯಬೇಕಾಯಿತು. ದೇಶ ಬಿಟ್ಟವರು ಎಷ್ಟು ವರ್ಷ ಕಾಯಬೇಕೆಂದು ನಿಯಮಗಳು ನಿಖರವಾಗಿ ಹೇಳುತ್ತವೆ. ಅವರು ಬಿಟ್ಟು ಹೊರಡುವ ಸ್ಥಿತಿ ತಾಯ್ನಾಡಿನಲ್ಲಿ ಏಕೆ ಬಂತೆಂದು ವಿಚಾರಿಸಿ, ಅಲ್ಲಿನ ಫೆಡರೇಷನ್‌ನಿಂದ ಉತ್ತರ ಕೇಳುವ ಒಂದು ಕಲಮೂ ಆ ಷರತ್ತುಗಳ ನಡುವೆ ಇಲ್ಲ.